ರೈಜನ್ 5 3600: ಆಟಕ್ಕೆ ಸೈ, ಫ್ಯಾನಿನ ಗೋಳೇ ಬೇರೆ

ಆಟ ಶುರುವಾಗುವ ಮೊದಲೇ ಎಎಂಡಿಯ ಈ ಪ್ರೊಸೆಸರ್ ತಲೆ ತಿನ್ನುತ್ತದೆ. ಬ್ರೌಸರಿನಲ್ಲಿ ಒಂದು ಟ್ಯಾಬ್ ತೆರೆದರೆ ಫ್ಯಾನು ಭರ್ರ್ ಎಂದು ಏರಿ, ಎರಡು ಸೆಕೆಂಡಿಗೆ ತೆಪ್ಪಗಾಗುತ್ತದೆ. ಇನ್ನೊಂದು ಟ್ಯಾಬ್, ಇನ್ನೊಂದು ಭರ್ರ್. ಒಂದೇ ಸಮ ಸದ್ದಾದರೆ ಕಿವಿಗೆ ರೂಢಿಯಾಗುತ್ತದೆ; ಈ ಏರಿಳಿತಕ್ಕೆ ವರ್ಷಗಟ್ಟಲೆ ಬಳಸಿದರೂ ಒಗ್ಗುವುದಿಲ್ಲ.

ತಪ್ಪು ಫ್ಯಾನಿನದ್ದಲ್ಲ. 3600ರ ಆರೂ ಕೋರುಗಳು ಬೆರಳಿನ ಉಗುರಿನಷ್ಟು ಪುಟ್ಟ 7 ನ್ಯಾನೊಮೀಟರ್ ಚಿಪ್ಪಿನಲ್ಲಿವೆ, ಅದೂ ಮುಚ್ಚಳದ ನಡುವೆ ಅಲ್ಲ, ಒಂದು ಬದಿಗೆ. ಚಿಲ್ಲರೆ ಕೆಲಸ ಸಿಕ್ಕರೂ ಒಂದು ಕೋರು 4.2 ಗಿಗಾಹರ್ಟ್ಸ್ ಹತ್ತಿರ ಜಿಗಿಯುತ್ತದೆ, ಉಷ್ಣತೆ ಒಂದೇ ಏಟಿಗೆ ಹತ್ತು ಡಿಗ್ರಿ ಮೇಲೇರುತ್ತದೆ, ಮದರ್‌ಬೋರ್ಡು ಗಾಬರಿಬಿದ್ದು ಫ್ಯಾನನ್ನು ಓಡಿಸುತ್ತದೆ. ಡಬ್ಬಿಯಲ್ಲಿ ಬರುವ ವ್ರೇತ್ ಸ್ಟೆಲ್ತ್ ಕೂಲರಿನ ಬುಡಕ್ಕೆ ತಾಮ್ರವೂ ಇಲ್ಲ, ಬರೀ ಅಲ್ಯೂಮಿನಿಯಂ. ಸ್ಟೆಲ್ತ್ ಅನ್ನುವುದು ಹೆಸರಿಗಷ್ಟೇ.

ಹೊಸ ಕೂಲರಿಗೆ ದುಡ್ಡು ಸುರಿಯುವ ಮೊದಲು ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ. ಸಿಪಿಯು ಫ್ಯಾನನ್ನು ಪಿಡಬ್ಲ್ಯುಎಂ (ಸಂಕೇತದಿಂದ ವೇಗ ಹತೋಟಿಯಲ್ಲಿಡುವ) ಮೋಡಿಗೆ ಹಾಕಿ, 65 ಡಿಗ್ರಿವರೆಗೆ ಫ್ಯಾನ್ ವೇಗದ ಗೆರೆ 40 ಶೇಕಡಾದಲ್ಲಿ ಚಪ್ಪಟೆಯಾಗಿರಲಿ. 75ಕ್ಕೆ 60, 85ಕ್ಕೆ 100. ಫ್ಯಾನು ಎಷ್ಟು ನಿಧಾನ ಏರಬೇಕೆಂದು ಹೇಳುವ ಸ್ಟೆಪ್ ಅಪ್ ಟೈಮ್ ಅಂತ ಇದ್ದರೆ ಅದನ್ನು ಪೂರ್ತಿ ಹೆಚ್ಚಿಸಿ. ಮುಕ್ಕಾಲು ಗೋಳು ಇಲ್ಲೇ ಮುಗಿಯುತ್ತದೆ. ಚಿಪ್ಪಿನ ಮಿತಿಯೇ 95 ಡಿಗ್ರಿ ಇರುವಾಗ 65ಕ್ಕೆ ಹೆದರಬೇಕಾಗಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎಸಿಯಿಲ್ಲದ ಕೋಣೆಯಾದರೆ ಇನ್ನೊಂದು ಹೆಜ್ಜೆ: ಬಯಾಸಿನಲ್ಲೇ ಪಿಬಿಒ ಎಂಬ ಸೆಟ್ಟಿಂಗನ್ನು ಮ್ಯಾನುಯಲ್ ಮಾಡಿ ಪಿಪಿಟಿಯನ್ನು, ಅಂದರೆ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು, 88 ವ್ಯಾಟ್‌ನಿಂದ 60ರ ಸುತ್ತಕ್ಕೆ ಇಳಿಸಿ. ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ಶಾಖ ಮಾತ್ರ ಎದ್ದು ಕಾಣುವಷ್ಟು ಇಳಿಯುತ್ತದೆ. ವಿಂಡೋಸಿನ ಪವರ್ ಪ್ಲಾನಿನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟ 99 ಶೇಕಡಾ ಹಾಕಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದರಿಂದ ವೇಗ ಜಿಗಿಯುವ ಬೂಸ್ಟೇ ನಿಂತು 3.6 ಗಿಗಾಹರ್ಟ್ಸ್‌ಗೆ ಕೂತುಬಿಡುತ್ತದೆ.

ಆಮೇಲೆ ಧೂಳು. ಆಯುಧಪೂಜೆಗೆ ಕೇಸಿಗೆ ಕುಂಕುಮ ಹಚ್ಚಿದರೆ ಸಾಲದು. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಪಕ್ಕದ ಬಾಗಿಲು ತೆಗೆದು, ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಲ್ಲಿ ಒತ್ತಿಹಿಡಿದು, ಒಣ ಪೇಂಟ್ ಬ್ರಶ್ಶಿನಿಂದ ಮೊದಲು ರೆಕ್ಕೆ, ಆಮೇಲೆ ಅದರಡಿಯ ಅಲ್ಯೂಮಿನಿಯಂ ಸಂದುಗಳನ್ನು ಉಜ್ಜಿ. ಬ್ಲೋವರ್ ಹಿಡಿಯುವಾಗಲೂ ಬೆರಳು ಅಲ್ಲೇ ಇರಲಿ. ಗಾಳಿಯ ರಭಸಕ್ಕೆ ಫ್ಯಾನು ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಹತ್ತು ನಿಮಿಷದ ಈ ಕೆಲಸ ಮುಗಿಸಿ ಪವರ್ ಬಟನ್ ಒತ್ತಿದಾಗ ಸಿಗುವ ಮೌನ ಯಾವ ಹೊಸ ಕೂಲರಿಗೂ ಕಡಿಮೆಯಿಲ್ಲ.

ಸದ್ದು ಅಡಗಿತೆಂದರೆ ಸಿಟ್ಟೂ ಇಳಿಯುತ್ತದೆ. 1080ಪಿ, 60 ಅಥವಾ 75 ಹರ್ಟ್ಸ್ ಮಾನಿಟರಿಗೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಜೊತೆ ಇದು ಇಂದಿಗೂ ಸಾಕು. 144 ಹರ್ಟ್ಸ್ ಆಸೆಯಿದ್ದರೆ ದೊಡ್ಡ ಆಟಗಳಲ್ಲಿ ನಿರಾಸೆಯೇ: 32 ಎಂಬಿ ಕ್ಯಾಶೆ (ಪ್ರೊಸೆಸರಿನೊಳಗಿನ ವೇಗದ ಪುಟ್ಟ ಮೆಮೊರಿ) ಮೂರು ಮೂರು ಕೋರುಗಳ ಎರಡು ಗುಂಪಿಗೆ 16, 16 ಎಂದು ಪಾಲಾಗಿದೆ. ಇದರ ಮುಂದಿನ ಪೀಳಿಗೆಯ ರೈಜನ್ 5 5600ರಲ್ಲಿ ಆರೂ ಕೋರು ಇಡೀ 32ನ್ನು ಹಂಚಿಕೊಳ್ಳುತ್ತವೆ. ಅಂತರ ಹುಟ್ಟುವುದು ಮುಖ್ಯವಾಗಿ ಅಲ್ಲೇ. ರ‍್ಯಾಮ್ 3200ರ ಎರಡು ಸ್ಟಿಕ್ ಇರಲಿ, ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್ ಎಕ್ಸ್‌ಎಂಪಿ ಆನ್ ಆಗಿದೆಯೇ ನೋಡಿ. ಆಫ್ ಇದ್ದರೆ ಅದು 2133 ಅಥವಾ 2400ರಲ್ಲೇ ತೆವಳುತ್ತದೆ, ಬೈಗುಳ ಮಾತ್ರ ಪ್ರೊಸೆಸರಿಗೆ. ಆಟದ ನಡುವೆ ಒಂದೆರಡು ಸೆಕೆಂಡ್ ತಡವರಿಸಿದರೆ ಪ್ರೊಸೆಸರಿನ ಭದ್ರತಾ ಸೌಲಭ್ಯವಾದ ಎಫ್‌ಟಿಪಿಎಂ ಕಾಟವಿರಬಹುದು, ಎಜೆಸಾ (ಬಯಾಸಿನೊಳಗಿನ ಎಎಂಡಿಯ ತಂತ್ರಾಂಶ) 1.2.0.7 ಅಥವಾ ಅದಕ್ಕಿಂತ ಹೊಸದಿರುವ ಬಯಾಸ್ ಹಾಕಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ಬೆನ್ನು ತಿರುಗಿಸಿ ಪಿನ್ನು ನೋಡಿ. ಇದು ಕೂರುವ ಎಎಂ4 ಸಾಕೆಟ್ ಬಗೆಯಲ್ಲಿ 1331 ಪಿನ್ನುಗಳಿರುವುದು ಪ್ರೊಸೆಸರಿಗೇ. ಮೊಬೈಲ್ ಟಾರ್ಚನ್ನು ಅಡ್ಡಡ್ಡ ಹಿಡಿದರೆ ಸಾಲು ತಪ್ಪಿದ್ದು ತಾನಾಗಿ ಕಾಣುತ್ತದೆ. ಇದರಲ್ಲಿ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕಾರ್ಡ್ ಹಾಕದೆ ಪರದೆ ಬೆಳಗುವುದಿಲ್ಲ; "ಆನ್ ಆಗ್ತಿದೆಯಲ್ಲ ಸಾರ್" ಎಂದು ಫ್ಯಾನು ತಿರುಗಿಸಿ ತೋರಿಸಿದರೆ ಒಪ್ಪಬೇಡಿ. 5600ಕ್ಕೂ ಇದಕ್ಕೂ ಎರಡು ಸಾವಿರದೊಳಗಿನ ಅಂತರವಿದ್ದರೆ ಸುಮ್ಮನೆ ಅದನ್ನೇ ತನ್ನಿ. ಹಳೆಯ ಇಂಟೆಲ್ ಐ7-3770 ಆಫೀಸ್ ಪಿಸಿ ಅಗ್ಗಕ್ಕಿದೆ ಎಂದು ಮಾತ್ರ ಜಾರಬೇಡಿ: ಎವಿಎಕ್ಸ್2 ಎಂಬ ಲೆಕ್ಕದ ಆದೇಶಗಳು ಇಲ್ಲದ್ದರಿಂದ ಕೆಲವು ಹೊಸ ಆಟಗಳು ಅದರಲ್ಲಿ ತೆರೆಯುವುದೇ ಇಲ್ಲ, ವಿಂಡೋಸ್ 11ಕ್ಕೂ ಅದು ಅರ್ಹವಲ್ಲ.

3600ರ ನಿಜವಾದ ಗುಣ ಕಾಣುವುದು ಅದನ್ನು ಕಳಚುವ ದಿನ. ಅದೇ ಬೋರ್ಡಿಗೆ 5600 ಅಥವಾ 5700ಎಕ್ಸ್3ಡಿ ಕೂರುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಮೊದಲು ಅದನ್ನು ತಡೆಹಿಡಿದು ಕೀ ಬರೆದಿಟ್ಟುಕೊಂಡು, ಹಳೆಯದು ಸಾಕೆಟ್ಟಿನಲ್ಲಿರುವಾಗಲೇ ಬಯಾಸ್ ಅಪ್‌ಡೇಟ್ ಮುಗಿಸಿ. ಹದಿನೈದು ನಿಮಿಷ ಆಟ ಓಡಿಸಿ, ಕೂಲರಿಗೂ ಪ್ರೊಸೆಸರಿಗೂ ನಡುವಿನ ಪೇಸ್ಟ್ ಬಿಸಿಯಾಗಲಿ. ಪ್ಲಗ್ ಕಿತ್ತು, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಸಡಿಲಿಸಿ, ಕೂಲರನ್ನು ನೇರ ಎತ್ತದೆ ಎಡಬಲ ಮೆಲ್ಲಗೆ ತಿರುವಿ. ಒಣಗಿದ ಪೇಸ್ಟ್ ಸಮೇತ ಎಳೆದರೆ ಸಾಕೆಟ್ಟಿನ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಮೇಲೆ ಬರುತ್ತದೆ. ಪಿನ್ನು ಬಾಗಿದ್ದರೆ 0.7 ಎಂಎಂ ಮೆಕ್ಯಾನಿಕಲ್ ಪೆನ್ಸಿಲಿನ ಸೀಸ ತೆಗೆದು, ಆ ತೂತಿಗೆ ಪಿನ್ನು ತೂರಿಸಿ ಒಂದೇ ಸಲಕ್ಕೆ ನೆಟ್ಟಗೆ ಮಾಡಿ. ಹಿಂದೆ ಮುಂದೆ ಆಡಿಸಿದರೆ ಮುರಿಯುತ್ತದೆ.