ಮೊದಲ ಮ್ಯಾರಥಾನ್‌ಗೆ 18 ವಾರದ ಕೋಚಿಂಗ್: ಭಾನುವಾರಕ್ಕೆ ಫುಲ್ ಮಾರ್ಕ್ಸ್, ಮಂಗಳವಾರಕ್ಕೆ ಪಾಸ್ ಕೂಡ ಇಲ್ಲ

ದುಡ್ಡು ಕೊಟ್ಟು ಓಡ್ತೀಯಾ ಅಂತ ಮನೆಯಲ್ಲಿ ಎಲ್ಲರೂ ನಕ್ಕರು. 9,000 ರೂಪಾಯಿ, 18 ವಾರ, ವಾರಕ್ಕೆ ನಾಲ್ಕು ದಿನ ಓಟ, ಒಂದು ದಿನ ಸ್ಟ್ರೆಂತ್, ಅಂದರೆ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ. ಗುರಿ ಜನವರಿಯ ಮುಂಬೈ ಮ್ಯಾರಥಾನ್, ಅಂದರೆ 42.2 ಕಿ.ಮೀ. ಬೆಂಗಳೂರಿನ ಒಂದು ರನ್ನಿಂಗ್ ಗುಂಪು ನಡೆಸುವ ಬ್ಯಾಚ್ ಇದು. ಹೆಸರು ಬೇಕಂತಲೇ ಹಾಕುತ್ತಿಲ್ಲ. ಕೋಚ್ ಒಳ್ಳೆಯ ಮನುಷ್ಯ, ಬೆಳಗಿನ ಜಾವ ನಾಲ್ಕೂವರೆಗೆ ನಮಗಿಂತ ಮುಂಚೆ ಬಂದು ನೀರಿನ ಕ್ಯಾನ್ ಇಳಿಸುತ್ತಿದ್ದವರು, ಮತ್ತೆ ನನ್ನ ತಕರಾರು ಇಂಥ ಬೇರೆ ಬ್ಯಾಚ್‌ಗಳಿಗೂ ಹೊಂದಬಹುದು.

ಸೇರುವಾಗ ನನ್ನ ಸ್ಥಿತಿ ಹೇಳಿಬಿಡುತ್ತೇನೆ, ಇಲ್ಲದಿದ್ರೆ ಈ ರಿವ್ಯೂ ಉಪಯೋಗಕ್ಕೆ ಬರಲ್ಲ. ವಯಸ್ಸು 41, ಇಡೀ ದಿನ ಕುರ್ಚಿ ಮೇಲೆ ಕೆಲಸ, ಓಡೋಕೆ ಶುರುಮಾಡಿ ಎರಡು ವರ್ಷ, 10 ಕಿ.ಮೀ. 58 ನಿಮಿಷದಲ್ಲಿ ಮುಗಿಸಿದ್ದೆ, ಒಂದೇ ಒಂದು ಹಾಫ್ (ಅರ್ಧ ಮ್ಯಾರಥಾನ್) ಓಡಿದ್ದೆ.

ನೆಟ್‌ನಲ್ಲಿ ಅಮೆರಿಕದ ಓಟದ ಕೋಚ್ ಹಾಲ್ ಹಿಗ್ಡನ್ ಅವರ ನೋವಿಸ್ 1 ಅನ್ನೋ ಹೊಸಬರ ಪ್ಲಾನ್ ಪುಕ್ಕಟೆ ಸಿಗುತ್ತದೆ. ಅದೂ 18 ವಾರದ್ದೇ, ಅದರಲ್ಲೂ ನಾಲ್ಕು ದಿನವೇ ಓಟ, ಉದ್ದದ ಓಟ ಏರುತ್ತಾ ಏರುತ್ತಾ 20 ಮೈಲಿ, ಅಂದರೆ 32 ಕಿ.ಮೀ.ವರೆಗೆ ಹೋಗುತ್ತದೆ. ಸ್ಪೀಡ್ ವರ್ಕ್, ಅಂದರೆ ಜೋರಾಗಿ ಓಡುವ ಅಭ್ಯಾಸ, ಮಾತ್ರ ಹುಡುಕಿದರೂ ಸಿಗಲ್ಲ. ನಾನು ಅದನ್ನು ಬಿಟ್ಟು ಇಲ್ಲಿಗೆ ಸೇರಿದ್ದೇ ಆ ಕಾರಣಕ್ಕೆ. ಬರೀ ನಿಧಾನ ಓಡಿದ್ರೆ ನಿಧಾನವೇ ಉಳಿದುಬಿಡ್ತೀವಿ ಅಲ್ವಾ ಅನ್ನೋ ಲೆಕ್ಕ ನನ್ನದು. ಇವರ ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಕೂಡ ಅದೇ, 'ಪ್ರತಿ ಮಂಗಳವಾರ ಟ್ರ್ಯಾಕ್'.

ಮಂಗಳವಾರ ಮಜಾ ಇತ್ತು ಅಂತ ಒಪ್ಪಿಕೊಳ್ಳಲೇಬೇಕು. ಸೆಪ್ಟೆಂಬರ್ ಮಳೆಗೆ ಒದ್ದೆಯಾದ ಕೆಂಪು ಟ್ರ್ಯಾಕ್, ಕೋಚ್ ಕೈಯಲ್ಲಿ ಸ್ಟಾಪ್‌ವಾಚ್, ಬಾಯಲ್ಲಿ ಸೀಟಿ. 400 ಮೀಟರ್ ಒಂದು ಸುತ್ತು, ಅಂಥ ಹತ್ತು ಸುತ್ತು, ನಡುವೆ 90 ಸೆಕೆಂಡ್ ನಡಿಗೆ. ಶಾಲೆಯ ಸ್ಪೋರ್ಟ್ಸ್ ಡೇ ಆದಮೇಲೆ ಆ ಥರ ಓಡಿರಲೇ ಇಲ್ಲ. ಮುಗಿದಮೇಲೆ ಎಲ್ಲರೂ ಮಂಡಿ ಹಿಡಿದು ಬಗ್ಗಿ ಏದುಸಿರು ಬಿಡುತ್ತಾ ನಗೋದು, ಆಮೇಲೆ ತಟ್ಟೆ ಇಡ್ಲಿ.

ತೊಂದರೆ ಇದ್ದದ್ದು ಸೀಟಿಯ ಹಿಂದಿನ ಲೆಕ್ಕದಲ್ಲಿ. ನಮ್ಮ ಸಾಲಿಗೆ ಕೊಟ್ಟ ಟೈಮ್ ಸುತ್ತಿಗೆ 1 ನಿಮಿಷ 50 ಸೆಕೆಂಡ್. ಅಂದರೆ ಕಿ.ಮೀ.ಗೆ 4:35 (4 ನಿಮಿಷ 35 ಸೆಕೆಂಡ್). ನನ್ನ 10 ಕಿ.ಮೀ. ವೇಗವೇ 5:48. ನನ್ನ ಗುರಿಯಂತೆ ನಾಲ್ಕೂವರೆ ಗಂಟೆಯಲ್ಲಿ ಮ್ಯಾರಥಾನ್ ಮುಗಿಸಬೇಕಾದ್ರೆ ಬೇಕಾಗಿರೋದು ಕಿ.ಮೀ.ಗೆ 6:24. ಓಟಗಾರರ ನಡುವೆ ಯಾಸೋ 800 ಅನ್ನೋ ಒಂದು ಅಂದಾಜು ಇದೆ, ಅಮೆರಿಕದ ಬಾರ್ಟ್ ಯಾಸೋ ಅವರ ಹೆಸರಲ್ಲಿ. ಮ್ಯಾರಥಾನ್ ಗುರಿ 4 ಗಂಟೆ 30 ನಿಮಿಷ ಇದ್ರೆ 800 ಮೀಟರನ್ನು 4 ನಿಮಿಷ 30 ಸೆಕೆಂಡ್‌ನಲ್ಲಿ ಓಡಿ ಅನ್ನುತ್ತದೆ. ಅದನ್ನೇ ಹಿಡಿದರೂ ನನ್ನ ಸುತ್ತು 2:15 ಆಗಬೇಕಿತ್ತು. ಸುತ್ತಿಗೆ 25 ಸೆಕೆಂಡ್ ಜಾಸ್ತಿ ವೇಗ ಯಾಕೆ, ಯಾರ ಲೆಕ್ಕ ಅಂತ ನಾನೂ ಕೇಳಲಿಲ್ಲ. ಪಕ್ಕದಲ್ಲಿ ಇಪ್ಪತ್ತೇಳರ ಹುಡುಗ ಓಡ್ತಾ ಇದ್ದಾಗ ಬಾಯಿ ಬರಲ್ಲ. (ಲಾರಿ ಹಿಂದೆ 'ಅವಸರವೇ ಅಪಘಾತಕ್ಕೆ ಕಾರಣ' ಅಂತ ದಿನಾ ಓದುವ ಊರಿನವನು ನಾನು.)

ಏಳನೇ ವಾರದ ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟೆ, ಎಡ ಹಿಮ್ಮಡಿ ಮೇಲಿನ ಹುರಿ (ಟೆಂಡನ್) ಒಣಗಿದ ಹಗ್ಗದ ಥರ ಬಿಗಿದುಕೊಂಡಿತ್ತು. ಮೆಟ್ಟಿಲನ್ನು ಏಡಿ ಥರ ಅಡ್ಡಡ್ಡ ಇಳಿದೆ. ಕೋಚ್‌ಗೆ ಹೇಳಿದ್ರೆ 'ಸ್ವಲ್ಪ ನೋವು ಇದ್ದೇ ಇರತ್ತೆ, ಐಸ್ ಇಡಿ, ಭಾನುವಾರ ಬನ್ನಿ' ಅಂದ್ರು. ಹೋದೆ, 24 ಕಿ.ಮೀ. ಓಡಿದೆ, ಅದು ನನ್ನದೇ ತಪ್ಪು. ಆಮೇಲೆ ಮೂರು ವಾರ ಓಟ ಬಂದ್, ದೀಪಾವಳಿ ಪೂರ್ತಿ ಫಿಸಿಯೋ ಹೇಳಿದ ಹಾಗೆ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸೋದು. ಸಂಬಂಧಿಕರೆಲ್ಲ ಪಟಾಕಿ ಬಿಟ್ಟು ನನ್ನನ್ನೇ ನೋಡ್ತಿದ್ರು. ನಮ್ಮ ಸಾಲಿನಲ್ಲಿ ಇನ್ನೂ ಇಬ್ಬರು ಕುಂಟುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಫಿಸಿಯೋ ಹೇಳಿದ್ದು ಸರಳ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಪಳಗುತ್ತವೆ, ಹುರಿ ಮತ್ತು ಮೂಳೆಗೆ ತಿಂಗಳುಗಟ್ಟಲೆ ಬೇಕು. ಹೊಸಬರಿಗೆ ವಾರದ ಒಟ್ಟು ದೂರ ಏರೋದೇ ದೊಡ್ಡ ಭಾರ. ಅದರ ಮೇಲೆ ಅದೇ ವಾರ ವೇಗವನ್ನೂ ಏರಿಸಿದ್ರೆ ಉಸಿರು ಸಲೀಸಾಗಿ ಆಡ್ತಾ ಇರುತ್ತದೆ, ಕಾಲಿನ ಕಥೆ ಮಾತ್ರ ಮುಗಿದಿರುತ್ತದೆ.

ವಾಪಸ್ ಬಂದಮೇಲೆ ಟ್ರ್ಯಾಕ್‌ಗೆ ಹೋಗಲಿಲ್ಲ. ಮಂಗಳವಾರ ಆರಾಮಾಗಿ 8 ಕಿ.ಮೀ. ಓಡಿ ಕೊನೆಗೆ ಆರು ಸ್ಟ್ರೈಡ್ಸ್, ಅಂದರೆ 20 ಸೆಕೆಂಡ್ ಚುರುಕಾಗಿ, ಆದರೆ ಹಲ್ಲು ಕಚ್ಚದೆ ಓಡೋದು, ಮತ್ತೆ ಪೂರ್ತಿ ಉಸಿರು ಬರೋವರೆಗೆ ನಡಿಗೆ. ಡಿಸೆಂಬರ್‌ನಲ್ಲಿ ಮನೆ ಹತ್ತಿರದ ಒಂದು ಏರಿನಲ್ಲಿ ಸ್ವಲ್ಪ ಹತ್ತಿಳಿತ. ಏರಿನಲ್ಲಿ ದಮ್ಮು ಟ್ರ್ಯಾಕ್‌ನಷ್ಟೇ ಕಟ್ಟುತ್ತದೆ, ಆದ್ರೆ ವೇಗ ಕಡಿಮೆ ಇರೋದರಿಂದ ಪಾದ ಅಷ್ಟು ಜೋರಾಗಿ ನೆಲಕ್ಕೆ ಬಡಿಯಲ್ಲ. ಎರಡು ಭಾನುವಾರ ಉದ್ದದ ಓಟದ ಮಧ್ಯದಲ್ಲಿ 6 ಕಿ.ಮೀ. ಮ್ಯಾರಥಾನ್ ವೇಗದಲ್ಲೇ ಓಡಿದೆ. ನನ್ನ ಸ್ಪೀಡ್ ವರ್ಕ್ ಅಂದ್ರೆ ಇಷ್ಟೇ.

ಈಗ ಭಾನುವಾರದ ಉದ್ದದ ಓಟ. ಇದಕ್ಕೆ 9,000 ಕೊಟ್ಟರೂ ಬೇಜಾರಿಲ್ಲ. ಗಾಡಿಗಳಿಲ್ಲದ ಕಬ್ಬನ್ ಪಾರ್ಕ್, ನಾಲ್ಕೂ ಮುಕ್ಕಾಲಿಗೆ ಕತ್ತಲಲ್ಲಿ ಶುರು, ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ನೀರು, ಉಪ್ಪು ಹಾಕಿದ ನಿಂಬೆ ಪಾನಕ, ಏಲಕ್ಕಿ ಬಾಳೆಹಣ್ಣು, ಕಡಲೆ ಚಿಕ್ಕಿ. 28 ಕಿ.ಮೀ. ಆದಮೇಲೆ ಚಿಕ್ಕಿ ಅಗಿಯೋಕೇ ಆಗಲ್ಲ ಅನ್ನೋದು ನನಗೆ ಅಲ್ಲೇ ಗೊತ್ತಾಗಿದ್ದು, ಬಾಯಿ ಒಣಗಿ ಹೋಗಿರುತ್ತದೆ, ಹಾಗಾಗಿ ಮುಂಬೈಗೆ ಎನರ್ಜಿ ಜೆಲ್ (ಓಡುತ್ತಲೇ ನುಂಗುವ ಸಿಹಿ ಪೇಸ್ಟ್) ಮತ್ತು ಬಾಳೆಹಣ್ಣು ಅಂತ ಮೊದಲೇ ತೀರ್ಮಾನ ಆಯಿತು. ನಿಧಾನ ಓಡುವ ಕೊನೆಯವರಿಗಾಗಿ ಒಬ್ಬ ಸ್ವಯಂಸೇವಕರು ಸೈಕಲ್‌ನಲ್ಲಿ ಕಾಯುತ್ತಾ ಬರುತ್ತಿದ್ದರು. ಒಬ್ಬನೇ ಆಗಿದ್ರೆ 32 ಕಿ.ಮೀ. ಓಟವನ್ನು ನಾನು ಖಂಡಿತ 25ಕ್ಕೆ ನಿಲ್ಲಿಸಿ ಆಟೋ ಹತ್ತುತ್ತಿದ್ದೆ.

ಸ್ಟ್ರೆಂತ್ ಕ್ಲಾಸ್ ಪರವಾಗಿಲ್ಲ. ವಾಟ್ಸಾಪ್ ಗುಂಪು ಮ್ಯೂಟ್ ಮಾಡಿ.

ರೇಸ್ ದಿನ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಕತ್ತಲಲ್ಲಿ ಹೊರಟು, ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಮೇಲೆ ಬಂದಾಗ ಎಲ್ಲರಿಗೂ ಹುರುಪು, ಆಮೇಲೆ ಬಿಸಿಲು ಮತ್ತು ಬೆವರು, ಬೆಂಗಳೂರಿನವರಿಗೆ ಆ ಸೆಕೆ ಅಭ್ಯಾಸವೇ ಇಲ್ಲ. ವಾಪಸ್ ಬರುವಾಗ, ಕಾಲು ಸೋತಿರುವಾಗ, ಪೆಡ್ಡರ್ ರೋಡ್ ಏರು. ಅಲ್ಲಿ ಅರ್ಧದಷ್ಟು ಜನ ನಡೀತಾ ಇದ್ದರು. ನಾನೂ ಸ್ವಲ್ಪ ನಡೆದೆ, ಸ್ವಲ್ಪ ಓಡಿದೆ. 4 ಗಂಟೆ 47 ನಿಮಿಷ. ಗುರಿಗಿಂತ 17 ನಿಮಿಷ ತಡ. ಕಳೆದುಹೋದ ಮೂರು ವಾರ ಕೈಯಲ್ಲಿದ್ದಿದ್ರೆ ಏನಾಗ್ತಿತ್ತು ಅಂತ ಯೋಚಿಸಿದ್ದು ಹೌದು.

ಅದೇ ಇಪ್ಪತ್ತೇಳರ ಹುಡುಗ ಒಂದೂ ಮಂಗಳವಾರ ತಪ್ಪಿಸದೆ 3 ಗಂಟೆ 58 ನಿಮಿಷದಲ್ಲಿ ಮುಗಿಸಿದ. ಟ್ರ್ಯಾಕ್‌ನಿಂದಲೇ ಆಗಿದ್ದು ಅಂತಾನೆ, ನಾನು ವಾದ ಮಾಡಲ್ಲ. ಅವನು ಸೇರುವ ಮೊದಲೇ ನಾಲ್ಕು ಹಾಫ್ ಓಡಿದ್ದವನು, ವಾರಕ್ಕೆ 40 ಕಿ.ಮೀ. ಓಡೋದು ಅವನಿಗೆ ಸಾಮಾನ್ಯ. ನಾನು ಆಗ ಓಡ್ತಿದ್ದದ್ದು 20. ಇಬ್ಬರಿಗೂ ಒಂದೇ 1:50 ಕೊಟ್ಟಿದ್ದೇ ಈ ಬ್ಯಾಚ್‌ನ ತಪ್ಪು.

ಐದಕ್ಕೆ ಮೂರು ಕೊಡುತ್ತೇನೆ. ನೀವೂ ನನ್ನ ಥರ ಮೊದಲ ಮ್ಯಾರಥಾನ್ ಓಡೋರಾದ್ರೆ, ದುಡ್ಡು ಕಟ್ಟುವ ಮೊದಲು ಟ್ರ್ಯಾಕ್‌ನ ಟೈಮ್ ಹೇಗೆ ಲೆಕ್ಕ ಹಾಕ್ತೀರಿ, ಎಷ್ಟನೇ ವಾರದಿಂದ ಶುರು, ಬಿಟ್ಟರೆ ಪರವಾಗಿಲ್ವಾ ಅಂತ ಕೇಳಿ. 'ಎಲ್ಲರೂ ಮಾಡ್ತಾರೆ ಸರ್' ಅಂದ್ರೆ ಪುಕ್ಕಟೆ ಪ್ಲಾನ್ ಡೌನ್‌ಲೋಡ್ ಮಾಡಿಕೊಳ್ಳಿ, ಉದ್ದದ ಓಟಕ್ಕೆ ನಾಲ್ಕು ಗೆಳೆಯರನ್ನು ಹುಡುಕಿಕೊಳ್ಳಿ.

ಮುಂದಿನ ಬ್ಯಾಚ್‌ಗೆ ಬರೀ ಭಾನುವಾರಕ್ಕೆ ಅರ್ಧ ಫೀಸ್ ತಗೋತೀರಾ ಅಂತ ಕೋಚ್‌ಗೆ ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಟಿಕ್ ಬಂದು ನಾಲ್ಕು ದಿನ ಆಯಿತು.