ಕೆಲಸದ ಗಂಟೆ ಬರೆದಿಡಲು ಗೂಗಲ್ ಶೀಟ್ಸ್: 8 ತಿಂಗಳ ಅನುಭವ

ಐಟಿಐಯಲ್ಲಿ 1 ವರ್ಷದ ಪ್ಲಂಬರ್ ಕೋರ್ಸ್ ಮುಗಿಸಿ ಈಗ ಶಿರಸಿಯಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ಮೊದಲು ಗಂಟೆಗಳನ್ನು ಕಿಸೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಜುಲೈನಲ್ಲಿ ಟೆರೇಸಿನ ಟ್ಯಾಂಕ್ ಕೆಲಸಕ್ಕೆ ಹೋದಾಗ ಮಳೆಗೆ ನೆನೆದು 3 ವಾರದ ಲೆಕ್ಕ ಅಳಿಸಿಹೋಯಿತು. ತುಂಬಾ ಬೇಜಾರಾಯಿತು.

ಆಮೇಲೆ ಮೊಬೈಲಿನಲ್ಲಿ ಗೂಗಲ್ ಶೀಟ್ಸ್ (ಸಾಲು-ಕಾಲಂಗಳಲ್ಲಿ ಲೆಕ್ಕ ಬರೆಯುವ ಆ್ಯಪ್) ಶುರು ಮಾಡಿದೆ. ದುಡ್ಡು ಕೊಡಬೇಕಿಲ್ಲ. ತಾರೀಕು, ಬಂದ ಹೊತ್ತು, ಬಿಟ್ಟ ಹೊತ್ತು, ಊಟದ ಬಿಡುವು, ಆ ದಿನ ಮಾಡಿದ ಕೆಲಸ. ಐದೇ ಕಾಲಂ. ಕೊನೆಯದನ್ನು ಮಾತ್ರ ಬಿಡಬೇಡಿ. ಸುಮ್ನೆ ‘8 ಗಂಟೆ’ ಅಂತ ಬರೆದರೆ ಏನು ಕಲಿತೆವು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಶೀಟ್ ನೋಡಿದಾಗಲೇ ನನಗೆ ತಿಳಿದದ್ದು: 2 ತಿಂಗಳು ಬರೀ ಗೋಡೆ ಕೊರೆದು ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಅಂಟಿಸಿದ್ದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಥ್ರೆಡ್, ಅಂದರೆ ತಿರುಪಿನ ಗೆರೆ, ಹಾಕಿದ್ದು ಒಂದೇ ದಿನ. ಮೇಸ್ತ್ರಿಗೆ ತೋರಿಸಿದೆ. ಮರುವಾರವೇ ಥ್ರೆಡ್ ಹಾಕುವ ಡೈ ಸೆಟ್ ನನ್ನ ಕೈಗೆ ಕೊಟ್ಟರು!

1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸರ್ಕಾರದ ಅಪ್ರೆಂಟಿಸ್‌ಶಿಪ್ ಅಧಿಕಾರಿಯ ಅನುಮತಿ ಇಲ್ಲದೆ ನಮ್ಮಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ಅದಕ್ಕೇ ಬಿಟ್ಟ ಹೊತ್ತನ್ನು ಸರಿಯಾಗಿ ಬರೆಯಿರಿ.

ಘಟ್ಟದ ಒಳಗಿನ ಮನೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಫೈಲನ್ನು ಮೊದಲೇ ಆಫ್‌ಲೈನ್ ಮಾಡಿಟ್ಟರೆ ಅಲ್ಲೂ ಬರೆಯಬಹುದು. ಸಾಲ್ವೆಂಟ್ (ಪೈಪ್ ಅಂಟಿಸುವ ಅಂಟು) ಮೆತ್ತಿದ ಬೆರಳನ್ನು ಮಾತ್ರ ಒರೆಸಿಕೊಂಡು ಫೋನ್ ಮುಟ್ಟಿ.