ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್: ಕಷ್ಟಕಾಲದಲ್ಲಿ ಈ ಐದು ಭೇಟಿಗಳು ಎಷ್ಟು ಉಪಯೋಗಕ್ಕೆ ಬರುತ್ತವೆ?

ಕಷ್ಟದಲ್ಲಿ ಇರುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು, ಧೈರ್ಯ ತಂದುಕೊಳ್ಳಿ ಅಂತ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ರಾತ್ರಿಯೆಲ್ಲಾ ನಿದ್ದೆ ಬರದೆ, ಬೆಳಿಗ್ಗೆ ಏಳೋಕೂ ಮನಸ್ಸಿಲ್ಲದೆ ಬಿದ್ದಿರುವವರಿಗೆ ಆ ಮಾತಿನಿಂದ ಮುಂದಿನ ಕೆಲಸ ಯಾವುದು ಅಂತ ಗೊತ್ತಾಗುವುದಿಲ್ಲ. ಕಷ್ಟದಲ್ಲಿರುವವರ ಮನಸ್ಸಿನ ಸಂಕಟ ಇಳಿಸಲು ನಡೆಸುವ ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್ ಅನ್ನುವ ಈ ಸೇವೆ ನನಗೆ ಇಷ್ಟವಾಗಿದ್ದು ಆ ಕಾರಣಕ್ಕೆ. ಇಲ್ಲಿ ಯಾರೂ ಧೈರ್ಯದ ಪಾಠ ಮಾಡಲಿಲ್ಲ. ಈ ವಾರ ಏನು ಮಾಡುತ್ತೀರಿ, ಯಾವ ದಿನ, ಎಷ್ಟು ಹೊತ್ತಿಗೆ ಅಂತ ಕೇಳಿದರು.

ಇದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಕ್ರಮ. ವಾರಕ್ಕೊಂದರಂತೆ ಐದು ಭೇಟಿ, ಒಂದೊಂದೂ ಸುಮಾರು 90 ನಿಮಿಷ. ನಡೆಸಿಕೊಡುವವರು ಡಾಕ್ಟರ್ ಆಗಿರಬೇಕಿಲ್ಲ, ಸೈಕಾಲಜಿ ಓದಿರಬೇಕಿಲ್ಲ. ತರಬೇತಿ ಪಡೆದ ಸಾಮಾನ್ಯ ಜನರೇ ಮಾಡುತ್ತಾರೆ, ಅವರ ಕೆಲಸದ ಮೇಲೆ ಅನುಭವ ಇರುವವರೊಬ್ಬರು ಕಣ್ಣಿಟ್ಟಿರುತ್ತಾರೆ. ಇದನ್ನು ಕೇಳಿ ನನಗೆ ಮೊದಲು ಅನುಮಾನವೇ ಬಂತು. ಆಮೇಲೆ ಓದಿ ನೋಡಿದರೆ ಇದನ್ನು ಸುಲಭದ ಜಾಗಗಳಲ್ಲಿ ಪರೀಕ್ಷೆ ಮಾಡಿಲ್ಲ. ಹಿಂಸೆಯ ನೆರಳಲ್ಲೇ ಬದುಕಿದ ಪಾಕಿಸ್ತಾನದ ಪೇಶಾವರದಲ್ಲಿ 346 ಜನರ ಮೇಲೆ ಪರೀಕ್ಷೆ ನಡೆಯಿತು, ಅದರ ಫಲಿತಾಂಶ 2016ರಲ್ಲಿ ಬಂತು. ಆಮೇಲೆ 2017ರಲ್ಲಿ ಕೀನ್ಯಾದ ನೈರೋಬಿಯದ್ದು ಬಂತು. ಅಲ್ಲಿದ್ದವರು 421 ಹೆಂಗಸರು, ಬಹಳಷ್ಟು ಮಂದಿ ದೌರ್ಜನ್ಯ ಕಂಡವರು. ಎರಡೂ ಕಡೆ ಈ ಭೇಟಿಗಳನ್ನು ಮುಗಿಸಿದವರ ಮನಸ್ಸಿನ ಸಂಕಟ, ಮಾಮೂಲಿ ಸಹಾಯ ಪಡೆದವರಿಗಿಂತ ಜಾಸ್ತಿ ಇಳಿದಿತ್ತು. ಪವಾಡ ಅನ್ನುವಷ್ಟಲ್ಲ, ಆದರೆ ಇಳಿದಿದ್ದು ನಿಜ.

ಮೊದಲ ಭೇಟಿಯಲ್ಲೇ ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಏನು ಅಂತ ನಿಮ್ಮದೇ ಮಾತಲ್ಲಿ ಹೇಳಿಸುತ್ತಾರೆ, ಅದಕ್ಕೊಂದು ಅಂಕ ಹಾಕಿಸುತ್ತಾರೆ. ಪ್ರತಿ ವಾರ ಅದೇ ತೊಂದರೆಗೆ ಮತ್ತೆ ಅಂಕ. ಕಾಯಿಲೆಯ ಹೆಸರು ಅಂಟಿಸುವುದಿಲ್ಲ, ಅದು ನನಗೆ ಹಿಡಿಸಿತು. ಆಮೇಲೆ ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವುದನ್ನು ಕಲಿಸುತ್ತಾರೆ. ಚೆನ್ನಾಗಿದೆ, ಎದೆ ಡವಡವ ಅಂದಾಗ ಕೈಗೆ ಸಿಗುತ್ತದೆ. ಇದರ ಬಗ್ಗೆ ಜಾಸ್ತಿ ಹೇಳುವಂಥದ್ದೇನೂ ಇಲ್ಲ.

ಈ ಸೇವೆಯ ಜೀವಾಳ ಇರುವುದು ಎರಡನೇ ಭೇಟಿಯಲ್ಲಿ. ತಲೆಯಲ್ಲಿರುವ ತೊಂದರೆಗಳನ್ನೆಲ್ಲಾ ಒಂದು ಕಾಗದದ ಮೇಲೆ ಇಳಿಸಿ ಮೂರು ಗುಂಪು ಮಾಡಿಸುತ್ತಾರೆ: ಏನಾದರೂ ಮಾಡಬಹುದಾದವು, ನಮ್ಮ ಕೈಯಲ್ಲಿ ಇಲ್ಲದವು, ಅಷ್ಟೇನೂ ಮುಖ್ಯವಲ್ಲದವು. ಓದುವಾಗ ಇಷ್ಟೇನಾ ಅನ್ನಿಸಬಹುದು. ಆದರೆ ಮಾಡಿ ನೋಡಿ. ಆ ದಿನಗಳಲ್ಲಿ ನನಗೆ ಕೆಲಸ ಹೋಗಿತ್ತು, ಅದರ ಬೆನ್ನಿಗೇ ಅಪ್ಪನಿಗೆ ವಾಸಿಯಾಗದ ಕಾಯಿಲೆ ಅಂತ ಗೊತ್ತಾಗಿತ್ತು, ಸಾಲದ ಕಂತು ನಿಂತಿತ್ತು, ಅಣ್ಣನ ಜೊತೆ ಮಾತು ಬಿಟ್ಟಿತ್ತು, ಇವೆಲ್ಲಾ ಸೇರಿ ಒಂದೇ ದೊಡ್ಡ ಭಾರವಾಗಿ ಎದೆ ಮೇಲೆ ಕೂತಿದ್ದವು, ಯಾವುದು ಎಲ್ಲಿ ಶುರುವಾಗುತ್ತದೆ ಯಾವುದು ಎಲ್ಲಿ ಮುಗಿಯುತ್ತದೆ ಅಂತಲೇ ತಿಳಿಯುತ್ತಿರಲಿಲ್ಲ. ಕಾಗದದ ಮೇಲೆ ಅವು ಬೇರೆ ಬೇರೆಯಾದವು. ಅಪ್ಪನ ಕಾಯಿಲೆ ಎರಡನೇ ಗುಂಪಿಗೆ ಹೋಯಿತು. ಅದನ್ನು ಅಲ್ಲಿ ಬರೆಯುವಾಗ ಅಳು ಬಂತು. ಭೇಟಿ ನಡೆಸುತ್ತಿದ್ದ ಸಹಾಯಕರು ಅವಸರ ಮಾಡಲಿಲ್ಲ, ಸಮಾಧಾನದ ಮಾತನ್ನೂ ತುರುಕಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಕಾಯಿಲೆ ನಿಮ್ಮ ಕೈಯಲ್ಲಿಲ್ಲ. ಅವರನ್ನು ಆಸ್ಪತ್ರೆಗೆ ಯಾರು, ಯಾವ ದಿನ ಕರೆದುಕೊಂಡು ಹೋಗಬೇಕು ಅನ್ನುವುದು ಇದೆಯಲ್ವಾ?" ಅಂದರು. ಅದನ್ನು ಮೊದಲ ಗುಂಪಿಗೆ ಬರೆದುಕೊಂಡೆವು.

ಮೊದಲ ಗುಂಪಿನಿಂದ ಒಂದನ್ನೇ ಆರಿಸಬೇಕು. ಅದೂ ಸ್ವಲ್ಪ ಸುಲಭದ್ದು. ಆಮೇಲೆ ಅದಕ್ಕೆ ತೋಚಿದ ದಾರಿಗಳನ್ನೆಲ್ಲಾ ಬರೆಯಬೇಕು, ಒಳ್ಳೆಯದಾ ಕೆಟ್ಟದ್ದಾ ಅಂತ ಯೋಚಿಸದೆ. ಸಹಾಯಕರು ತಾವಾಗಿ ಪರಿಹಾರ ಹೇಳುವುದಿಲ್ಲ. ಇದು ಕೆಲವರಿಗೆ ಕಿರಿಕಿರಿ ಆಗಬಹುದು, ಏನು ಮಾಡಬೇಕು ಅಂತ ಹೇಳಿಬಿಡಬಾರದಾ ಅಂತ ಅನ್ನಿಸಬಹುದು. ನನ್ನ ಪ್ರಕಾರ ಅದೇ ಸರಿ. ಐದು ವಾರ ಆದ ಮೇಲೆ ಅವರು ಇರುವುದಿಲ್ಲ, ಯೋಚಿಸುವ ರೂಢಿ ನಮ್ಮ ಹತ್ತಿರ ಉಳಿಯಬೇಕು. ಕೊನೆಗೆ ಒಂದು ದಾರಿ ಆರಿಸಿ, ಅದನ್ನು ಸಣ್ಣ ಸಣ್ಣ ಕೆಲಸ ಮಾಡಿ, ದಿನ ಮತ್ತು ಹೊತ್ತು ಗೊತ್ತು ಮಾಡಿಕೊಂಡು ಮನೆಗೆ ಹೋಗುವುದು. ನಾನು ಆರಿಸಿದ್ದು ಸಾಲದ ಕಂತು. ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಸ್ವಲ್ಪ ಕಾಲಾವಕಾಶ ಕೇಳುವುದು, ಅಷ್ಟೇ.

ಇನ್ನೊಂದು ಭಾಗ ಮತ್ತೆ ಚಟುವಟಿಕೆಗೆ ಮರಳುವುದು. ಮನಸ್ಸು ಕುಗ್ಗಿದಾಗ ನಾವು ಕೆಲಸ ಬಿಡುತ್ತೇವೆ, ಜನರನ್ನು ಬಿಡುತ್ತೇವೆ. ಬಿಟ್ಟಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಹುಮ್ಮಸ್ಸು ಬಂದ ಮೇಲೆ ಮಾಡೋಣ ಅಂತ ಕಾದರೆ ಅದು ಬರುವುದೇ ಇಲ್ಲ. ಮೊದಲು ಸಣ್ಣದೊಂದನ್ನು ಮಾಡಬೇಕು, ಹುಮ್ಮಸ್ಸು ಹಿಂದೆ ಬರುತ್ತದೆ. ಮನೆಯೆಲ್ಲಾ ಗುಡಿಸುವುದು ಬೇಡ, ಒಂದು ಕೋಣೆ ಸಾಕು. ಇದು ಡಿಪ್ರೆಶನ್‌ಗೆ ಬಹಳ ಕಾಲದಿಂದ ಬಳಸುತ್ತಿರುವ ವಿಧಾನ, ಇವರು ಸರಳ ಮಾಡಿ ಕೊಟ್ಟಿದ್ದಾರೆ.

ಈಗ ನನ್ನ ದೊಡ್ಡ ತಕರಾರು. ಹತ್ತಿರದವರ ಆಸರೆ ಗಟ್ಟಿ ಮಾಡಿಕೊಳ್ಳುವ ವಿಷಯ ನಾಲ್ಕನೇ ಭೇಟಿಯವರೆಗೂ ಬರುವುದಿಲ್ಲ. ಇದು ತೀರಾ ತಡ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅನ್ನುವ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮನೋರೋಗ, ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಚೆನ್ನಾಗಿಯೇ ಬಾಳಿದರು. ಅವರ ಬದುಕಲ್ಲಿ ಮತ್ತೆ ಮತ್ತೆ ಕಂಡುಬಂದ ಒಂದು ಅಂಶ, ಕೈಬಿಡದೆ ಜೊತೆಗಿದ್ದ ಒಬ್ಬರಾದರೂ ಹಿರಿಯರು. ಹೆತ್ತವರೇ ಆಗಬೇಕೆಂದಿಲ್ಲ, ಅಜ್ಜಿಯೋ ಟೀಚರೋ ಯಾರಾದರೂ. ಅಂದ ಮೇಲೆ ಜನರ ವಿಷಯ ಮೊದಲ ವಾರವೇ ಬರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾರ ಹತ್ತಿರ ಯಾವ ಸಹಾಯ ಕೇಳಬಹುದು ಅಂತ ಹೆಸರು ಹಿಡಿದು ಬರೆಸುವ ಆ ಅಭ್ಯಾಸ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಮಾಡಿ ನೋಡಿ ಬಂದು ಮಾತಾಡಲು ನನಗೆ ಇನ್ನೂ ಒಂದೆರಡು ವಾರ ಬೇಕಿತ್ತು. ಅಣ್ಣನಿಗೆ ಫೋನ್ ಮಾಡಿದ್ದು ಆ ವಾರ. ಅಪ್ಪನ ಆಸ್ಪತ್ರೆಯ ಓಡಾಟವನ್ನು ಈಗ ಇಬ್ಬರೂ ಹಂಚಿಕೊಂಡಿದ್ದೇವೆ.

ಇನ್ನೊಂದು ವಿಷಯ ಹೇಳಲೇಬೇಕು. ನಡೆದಿದ್ದನ್ನೆಲ್ಲಾ ಮೊದಲಿಂದ ಕೊನೆವರೆಗೆ ಬಿಡಿಸಿ ಹೇಳಿ ಅಂತ ಇಲ್ಲಿ ಒತ್ತಾಯ ಮಾಡುವುದಿಲ್ಲ. ಒಳಗಿರುವುದನ್ನೆಲ್ಲಾ ಹೊರಹಾಕಿದರೆ ಸಾಕು, ಸರಿಹೋಗುತ್ತೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಆದರೆ ಆಘಾತ ಆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲಾ ಹೇಳಿಸುವ ಡಿಬ್ರೀಫಿಂಗ್ ವಿಧಾನದಿಂದ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಹಳ ಕಾಲ ಕಾಡುವ ಮನಸ್ಸಿನ ಕಾಯಿಲೆಯನ್ನು, ತಡೆಯಲು ಆಗಲಿಲ್ಲ ಅಂತ ಸಂಶೋಧನೆಗಳನ್ನು ಒಟ್ಟಿಗೆ ನೋಡಿದಾಗ ಗೊತ್ತಾಗಿದೆ. ಹೇಳಬೇಕು ಅನ್ನಿಸಿದರೆ ಹೇಳಿ, ಕೇಳುತ್ತಾರೆ. ಬೇಡ ಅನ್ನಿಸಿದರೆ ಬಿಡಿ.

ಎಲ್ಲರಿಗೂ ಇದು ಬೇಕೇ? ಬೇಡ. ಹತ್ತಿರದವರನ್ನು ಕಳೆದುಕೊಂಡವರಲ್ಲೂ ಬಹಳ ಮಂದಿ ಯಾವ ಕೋರ್ಸೂ ಇಲ್ಲದೆ ದಿನದ ಬದುಕು ನಡೆಸಿಕೊಂಡು ಹೋಗುತ್ತಾರೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಬೊನಾನೊ 2004ರಲ್ಲೇ ಬರೆದಿದ್ದಾರೆ. ನೀವು ದುಃಖದಲ್ಲಿದ್ದೂ ಊಟ, ನಿದ್ದೆ, ಕೆಲಸ ಹೇಗೋ ನಡೆಯುತ್ತಿದ್ದರೆ ಸುಮ್ನೆ ಇದಕ್ಕೆ ಸೇರಬೇಕಾಗಿಲ್ಲ. ಇನ್ನೊಂದು ಕಡೆ, ಸಾಯುವ ಯೋಚನೆ ಬಂದು ಅದಕ್ಕೆ ತಯಾರಿಯೂ ನಡೆದಿದ್ದರೆ, ಅಥವಾ ಇಲ್ಲದ ದನಿಗಳು ಕೇಳುತ್ತಿದ್ದರೆ, ಇದು ಸಾಲುವುದಿಲ್ಲ. ಅದಕ್ಕೆ ಇವತ್ತೇ ಡಾಕ್ಟರ್ ಬೇಕು. ಸರಿಯಾಗಿ ನಡೆಸುವವರು ಇದನ್ನು ಶುರುವಿನಲ್ಲೇ ಕೇಳಿ ತಿಳಿದುಕೊಂಡು ಬೇರೆ ಕಡೆ ಕಳಿಸುತ್ತಾರೆ. ಇನ್ನು ಮನೆ ಬಾಡಿಗೆ ಕಟ್ಟೋಕೆ ದುಡ್ಡೇ ಇಲ್ಲ ಅಂದರೆ ಉಸಿರಾಟದಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ. ಅಂಥವರಿಗೆ ಮೊದಲು ದುಡ್ಡಿನ ಸಹಾಯ ಸಿಗಬೇಕು, ಇದು ಅದರ ಜೊತೆಗೆ.

ಐದನೇ ಭೇಟಿಯಲ್ಲಿ ಒಂದು ಅಭ್ಯಾಸ ಇದೆ, ನನಗೆ ಬಹಳ ಮೆಚ್ಚುಗೆಯಾಯಿತು. ಇನ್ನೊಬ್ಬರ ಕಷ್ಟದ ಕಥೆ ಕೊಟ್ಟು, ಇವರು ನಿಮ್ಮ ಸ್ನೇಹಿತರಾಗಿದ್ದರೆ ಏನು ಹೇಳುತ್ತೀರಿ ಅಂತ ಕೇಳುತ್ತಾರೆ. ಕಲಿತಿದ್ದು ಎಷ್ಟು ಒಳಗಿಳಿದಿದೆ ಅಂತ ಆಗ ಗೊತ್ತಾಗುತ್ತದೆ. ಉತ್ತರ ಹೇಳುತ್ತಾ ಹೇಳುತ್ತಾ ನಾನು ಮೂರು ಗುಂಪು ಮಾಡಲು ಶುರು ಮಾಡಿದ್ದೆ, ಯಾರೂ ನೆನಪಿಸಲಿಲ್ಲ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಹತ್ತಿರದವರ ಆಸರೆಯ ವಿಷಯ ನಾಲ್ಕನೇ ಭೇಟಿಯವರೆಗೆ ತಡವಾಗಿದ್ದಕ್ಕೆ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಗುಂಪಿನಲ್ಲಿ ನಡೆಸುವ ರೂಪವೂ ಇದೆ. ಸೇರುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಸಹಾಯಕರ ಕೆಲಸದ ಮೇಲೆ ಯಾರು ನಿಗಾ ಇಟ್ಟಿದ್ದಾರೆ, ಮತ್ತು ಐದು ಭೇಟಿ ಮುಗಿದರೂ ಹಗುರಾಗದಿದ್ದರೆ ಯಾರ ಹತ್ತಿರ ಕಳಿಸುತ್ತಾರೆ. ಇವೆರಡಕ್ಕೂ ನೇರವಾಗಿ ಉತ್ತರ ಕೊಡದವರ ಹತ್ತಿರ ಸೇರಬೇಡಿ.